ಡಬಲ್ ಕ್ಯಾಸೆಟ್

ಬೀರುವಿನ ಬಾಗಿಲು ತೆಗೆದು ನಿಂತು ಎಷ್ಟು ಹೊತ್ತಾಗಿತ್ತೋ ಓಬಳಪ್ಪನಿಗೆ ತಿಳಿಯಲಿಲ್ಲ. ಒಳಗಿಂದ ಬರುತ್ತಿದ್ದ ವಾಸನೆ ನುಸಿಗುಳಿಗೆಯದೋ, ಹಳೇ ಪ್ಲಾಸ್ಟಿಕ್ಕಿನದೋ, ಇಲ್ಲ ಇಪ್ಪತ್ತೈದು ವರ್ಷದಿಂದ ಗಾಳಿ ಕಾಣದೆ ಕೂತಿದ್ದ ಇನ್ನೂರೆಂಬತ್ತು ಕ್ಯಾಸೆಟ್ಟುಗಳ ಬೇಸರದ್ದೋ. ಮೇಲಿನ ಅಂಕಣದಲ್ಲಿ ಭಕ್ತಿ, ನಡುವೆ ಫೈಟು, ಕೆಳಗೆ ಸಂಸಾರ. ಅಂಗಡಿ ಮುಚ್ಚಿ ಎಲ್ಲವನ್ನೂ ಮನೆಗೆ ಹೊತ್ತು ತಂದ ಮೇಲೂ ಅವನು ಅವುಗಳ ಮಡಿ ಕೆಡಿಸಿರಲಿಲ್ಲ. ಬೇಕಾದದ್ದು ಕೆಳಗಿನ ಅಂಕಣದಲ್ಲಿ ಎಡಗಡೆಯಿಂದ ಏಳನೆಯದು. ಕಣ್ಣು ಕಟ್ಟಿ ಬಿಟ್ಟರೂ ತೆಗೆದುಕೊಡುತ್ತಿದ್ದ. ಆದರೆ ಕೈ ಅಲ್ಲಿಗೆ ಇಳಿಯದೆ ಫೈಟಿನ ಸಾಲನ್ನೇ ಒಂದೊಂದಾಗಿ ಮುಟ್ಟುತ್ತಿತ್ತು, ದನದ ಮೈ ಸವರುವವನ ಹಾಗೆ. ಏಳನೆಯದು ತಾನು ಅಲ್ಲೇ ಇದ್ದೇನೆ ಎಂದು ಸುಮ್ಮನೆ ಕಾಯುತ್ತಿತ್ತು. ಕ್ಯಾಸೆಟ್ಟಿಗೆ ಏನಂತೆ. ಅದು ಎಲ್ಲಿಗೂ ಹೋಗಬೇಕಾಗಿಲ್ಲ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಶಂಕರಪುರಕ್ಕೆ ಹನ್ನೊಂದು ಗಂಟೆಗೆ ಬರುತ್ತೇನೆಂದು ಒಪ್ಪಿಕೊಂಡವನು ತಾನು.

ಒಪ್ಪಿಸಿದವನು ಗೌರೀಶ. ಸೈಟು ವ್ಯಾಪಾರ ಮಾಡಿ, ಮುಂದಿನ ಸಲ ವಾರ್ಡಿಗೆ ನಿಲ್ಲಬೇಕೆಂದಿರುವ ಗೌರೀಶನಿಗೆ ಅದಕ್ಕೂ ಮುಂಚೆ ಕಲೆಯ ಮೇಲೆ ಸ್ವಲ್ಪ ಪ್ರೀತಿ ತೋರಿಸಬೇಕಾಗಿತ್ತು. ಹಾಗಾಗಿ ಅವನ ವೇದಿಕೆಯ ವತಿಯಿಂದ ಭಾನುವಾರ ಚಾಮರಾಜಪೇಟೆಯಲ್ಲಿ ‘ಬಹುಮುಖ ಕಲಾವಿದ’ ವೆಂಕಟಾಚಲ ಅವರಿಗೆ ಎಂಬತ್ತೆಂಟರ ಸನ್ಮಾನ. ಬಹುಮುಖ ಎಂದು ಫ್ಲೆಕ್ಸಿನಲ್ಲಿ ಓದಿದಾಗ ಓಬಳಪ್ಪನಿಗೆ ನಗು ಬಂದಿತ್ತು. ಇದ್ದದ್ದು ಒಂದೇ ಮುಖ. ಮೀಸೆ ಅಂಟಿಸಿದರೆ ಅಪ್ಪ, ಕಿತ್ತರೆ ಅರ್ಚಕ, ಬಿಳಿ ಕೂದಲಿನ ಟೋಪನ್ ಇಟ್ಟರೆ ಜಡ್ಜು, ಕೊರಳಿಗೆ ಡಾಕ್ಟರ ರಬ್ಬರು ನಳಿಗೆ ಬಿದ್ದರೆ ‘ಎಲ್ಲಾ ದೇವರ ಕೈಯಲ್ಲಿದೆ’ ಎನ್ನುವವನು. ನೂರಾ ಎಪ್ಪತ್ತು ಸಿನಿಮಾದಲ್ಲಿ ಅರವತ್ತು ಸಲ ಸತ್ತಿದ್ದರು. ಈಗ ಅವರನ್ನು ಬಹುಮುಖ ಎನ್ನುತ್ತಿದ್ದವರಲ್ಲಿ ಒಬ್ಬನೂ ಅವರ ಒಂದು ಮುಖವನ್ನೂ ಪೂರ್ತಿ ನೋಡಿದವನಲ್ಲ.

‘ಓಬಳಪ್ಪನೋರೆ, ಇಡೀ ಪ್ರಪಂಚದಲ್ಲಿ ಸಾರ್ ಪಿಚ್ಚರುಗಳು ಉಳಿದಿರೋದು ನಿಮ್ಮ ಬೀರುವಲ್ಲಿ ಮಾತ್ರ’ ಎಂದು ಗೌರೀಶ ಫೋನಿನಲ್ಲಿ ಹೇಳಿದ್ದ. ‘ಯೂಟ್ಯೂಬಲ್ಲಿಲ್ಲ, ಟಿವಿಯೋರ ಹತ್ರ ಇಲ್ಲ, ಪ್ರೊಡ್ಯೂಸರ್ ಮಗ ರೀಲೆಲ್ಲ ತೂಕಕ್ಕೆ ಹಾಕ್ಬಿಟ್ಟನಂತೆ. ನಿಮಗೂ ಒಂದು ಶಾಲು, ಒಂದು ಪೇಟ. ಚಿತ್ರ ಸಂರಕ್ಷಕ ಅಂತ ಬಿರುದು. ಬೇಡ ಅನ್ಬೇಡಿ, ಫ್ಲೆಕ್ಸಿಗೆ ನಿಮ್ ಫೋಟೋ ಹೋಗಾಯ್ತು.’ ಆಮೇಲೆ ದನಿ ತಗ್ಗಿಸಿ, ‘ಇನ್ನೊಂದ್ ವಿಷಯ. ಹಿರಿಯರಿಗೆ ಮರೆವು ಶುರುವಾಗಿದೆ. ಮರೆವು ಅಂದ್ರೆ ಉಲ್ಟಾ ಮರೆವು, ಇಲ್ಲದ್ದೆಲ್ಲ ನೆನಪಾಗುತ್ತೆ. ಹೆತ್ತವರ ಹೊಸಿಲು ಪಿಚ್ಚರಲ್ಲಿ ಸೂಜಿಗೆ ದಾರ ಪೋಣಿಸೋ ಸೀನ್ ಮಾಡಿದೀನಿ, ಜೀವಮಾನದಲ್ಲಿ ನಾನು ಆಕ್ಟಿಂಗ್ ಅಂತ ಮಾಡಿದ್ದು ಅದೊಂದೇ ಅಂತ ಹಾಲು ಹಾಕೋಕೆ ಬಂದೋನಿಗೂ ಹೇಳ್ತಾರಂತೆ. ಸೊಸೆ ಚೂಡಾಮಣಿ ಮೇಡಂ, ಅಂಥ ಸೀನೇ ಇಲ್ಲ, ಡಾಕ್ಟ್ರಿಗೂ ತೋರಿಸಿದೀವಿ ಅಂತಾರೆ. ಅದಕ್ಕೇ ಗುರುವಾರ ಕ್ಯಾಸೆಟ್ ತಂದು ಹಾಕ್ಬಿಡಿ. ಸೀನಿದ್ರೆ ಭಾನುವಾರ ಸಾರ್ ಕೈಗೆ ಮೈಕು. ಇಲ್ದಿದ್ರೆ ಶಾಲು ಹೊದಿಸಿ ಕೂರಿಸ್ಬಿಡೋಣ. ಸ್ಟೇಜ್ ಮೇಲೆ ಸುಮ್ನೆ ಎಡವಟ್ಟಾಗೋದ್ ಬೇಡ’ ಎಂದಿದ್ದ.

ಸೀನು ಇತ್ತು. ಕ್ಯಾಸೆಟ್ಟಿನಲ್ಲಿ ಇರಲಿಲ್ಲ. ಈ ಎರಡನ್ನೂ ಬಲ್ಲ ಗಂಡಸು ಭೂಮಿಯ ಮೇಲೆ ಒಬ್ಬನೇ, ಅವನಿಗೆ ಭಾನುವಾರ ಸಂರಕ್ಷಕ ಎಂದು ಬಿರುದು. ಬಲ್ಲ ಹೆಂಗಸು ಒಬ್ಬಳಿದ್ದಳು. ಅವಳು ಅಡಿಗೆಮನೆಯ ಹೊಸಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು.

‘ಇನ್ನೂ ನಿಂತೇ ಇದೀರಾ?’ ಎಂದಳು ಸುಬ್ಬಮ್ಮ, ತಲೆ ಎತ್ತದೆ.

‘ಯಾವ್ದು ಅಂತ ನೋಡ್ತಾ ಇವ್ನಿ.’

‘ಗೊತ್ತಿಲ್ದೋರು ನೋಡ್ಬೇಕು. ಆ ಸೀನು ಚೆನ್ನಾಗೈತೆ, ಅದೊಂದು ಬಿಡಿ ಅಂದೆ ನಾನು ಆವತ್ತು. ಕೇಳಿದ್ರಾ?’

‘ಆ ಕಾಲದ ಮಾತು ಈಗ್ಯಾಕೆ ತೆಗೀತೀಯ?’

‘ತೆಗೆದೋರು ನೀವು, ನಾನಲ್ಲ. ಯಾವೋನೋ ಯಾವೋನಿಗೋ ಗುದ್ದೋದು ಉಳೀಲಿ ಅಂತ ಅಪ್ಪನ್ನ ಕೊಯ್ದಾಕಿದ್ರಿ. ಈಗ ಹೋಗಿ, ಪೇಟ ಇಕ್ಕಿಸ್ಕೊಂಡು ಬನ್ನಿ.’ ಅವಳ ಬೆರಳುಗಳ ನಡುವಿಂದ ಒಂದು ಕಾಳು ಸಿಪ್ಪೆ ಬಿಟ್ಟು ಚಿಮ್ಮಿ ಬೋಗುಣಿಗೆ ಬಿತ್ತು.

‘ಹೇಳ್ಬಿಡ್ಲಾ ಅವ್ರಿಗೆ?’

‘ನನ್ನ ಕೇಳ್ತೀರಾ? ಆವತ್ತು ಕೇಳಿದ್ರಾ?’ ಎಂದು ಅವಳು ಮತ್ತೆ ಕಾಳಿಗೆ ಕೈ ಹಾಕಿದಳು. ಐವತ್ತು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಕೊಟ್ಟ ಉತ್ತರಗಳೆಲ್ಲ ಹೀಗೇ, ಪ್ರಶ್ನೆಯ ಸಿಪ್ಪೆಯೊಳಗೇ ಇರುತ್ತಿದ್ದವು.

ಓಬಳಪ್ಪನ ಡಬಲ್ ಎಂದರೆ ಆಗ ಎನ್.ಆರ್. ಕಾಲೋನಿಯಿಂದ ಮಾವಳ್ಳಿಯವರೆಗೆ ಹೆಸರು. ಮಿಕ್ಕ ಅಂಗಡಿಗಳವರು ಒಂದು ಬಾಡಿಗೆಗೆ ಒಂದು ಸಿನಿಮಾ ಕೊಟ್ಟರೆ ಅವನು ಎರಡು ಕೊಡುತ್ತಿದ್ದ, ಅದೂ ಒಂದೇ ಕ್ಯಾಸೆಟ್ಟಿನಲ್ಲಿ. ಕ್ಯಾಸೆಟ್ಟು ಮೂರು ಗಂಟೆಯದು. ಸಿನಿಮಾ ಎರಡೂವರೆ ಗಂಟೆಯದು. ಒಂದೊಂದನ್ನೂ ಒಂದೂವರೆಗೆ ಇಳಿಸಬೇಕು. ಮಧ್ಯಾಹ್ನ ಊಟವಾದ ಮೇಲೆ ಷಟರು ಅರ್ಧ ಎಳೆದು, ಎರಡು ವಿಸಿಆರುಗಳನ್ನು ಪಕ್ಕಪಕ್ಕ ಇಟ್ಟು ನಡುವೆ ವೈರು ಕೊಟ್ಟು, ಒಂದರಲ್ಲಿ ಎರವಲು ತಂದ ಪೂರ್ತಿ ಸಿನಿಮಾ ಓಡಿಸುವುದು, ಇನ್ನೊಂದರಲ್ಲಿ ಕಾಪಿ ಹೊಡೆಯುವುದು. ಬೇಡದ್ದು ಬಂತೋ, ಕಾಪಿ ಮಾಡುವ ಮಿಷನ್ನಿನ ಪಾಜ್ ಗುಂಡಿಯ ಮೇಲೆ ಹೆಬ್ಬೆರಳು. ಒಂದು ಸಲ ಒತ್ತಿದರೆ ನಿಂತಿತು. ಬೇಡದ್ದು ದಾಟಿಹೋದ ಮೇಲೆ ಇನ್ನೊಂದು ಸಲ ಒತ್ತಿದರೆ ಹೊರಟಿತು. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಬಂದವನ ಹೆಬ್ಬೆರಳು ದೊಡ್ಡ ದೊಡ್ಡ ಡೈರೆಕ್ಟರುಗಳನ್ನು ತಿದ್ದುತ್ತಿತ್ತು. ಏನು ಇರಬೇಕು ಏನು ಹೋಗಬೇಕು ಎಂದು ಅವನೇನೂ ತಾನಾಗಿ ತೀರ್ಮಾನಿಸಿದ್ದಲ್ಲ. ಗಿರಾಕಿಗಳೇ ಕೌಂಟರಿನ ಮೇಲೆ ಮೊಳಕೈ ಊರಿ ಹೇಳುತ್ತಿದ್ದರು: ‘ಗೋಳು ಬೇಡಪ್ಪ, ಮನೇಲೇ ಬೇಕಾದಷ್ಟಿದೆ.’ ಬ್ಯಾಂಕಿನವರು, ಮೇಷ್ಟ್ರುಗಳು, ಥಿಯೇಟರಿನಲ್ಲಿ ಕರ್ಚೀಫು ಒದ್ದೆ ಮಾಡಿಕೊಂಡವರೇ ಮನೆಗೆ ಬಂದ ಮೇಲೆ ಅದನ್ನು ಎರಡನೇ ಸಲ ನೋಡಲಾರರು. ಹಾಗಾಗಿ ಹಾಡು ಇರಲಿ, ಫೈಟು ಇರಲಿ, ನಗಿಸುವವನು ಇರಲಿ, ಕೋರ್ಟು ಅರ್ಧ ಇರಲಿ, ಅಪ್ಪ ಹೋಗಲಿ. ಪೂರ್ತಿ ಹೋದರೆ ಕತೆ ತಿಳಿಯುವುದಿಲ್ಲವಲ್ಲ. ಅಷ್ಟು ಮಾತ್ರ ಬಿಡುವುದು. ಅಪ್ಪ ಬಂದ, ಏಟು ತಿಂದ, ಫೋಟೋ ಆದ. ಒಬ್ಬನಾದರೂ ಬಂದು ‘ನಡುವೆ ಏನೋ ಹೋಗಿದೆ’ ಎಂದಿದ್ದರೆ ಓಬಳಪ್ಪನ ಮನಸ್ಸಿಗೆ ಅಂದೇ ಒಂದು ಚೂರು ಇರಿಯುತ್ತಿತ್ತೋ ಏನೋ. ಯಾರೂ ಅನ್ನಲಿಲ್ಲ. ಹೊಲಿಗೆ ಕಾಣದ ಹಾಗೆ ಜೋಡಿಸುತ್ತೇನೆ ಎಂದು ಅವನಿಗೆ ಜಂಬವಿತ್ತು.

ಬಂದವರು ಅವರೊಬ್ಬರೇ, ಆ ಅಪ್ಪನ ಪಾತ್ರದ ವೆಂಕಟಾಚಲ. ಇಸ್ತ್ರಿ ಮಾಡಿದ ಬಿಳಿ ಷರಟು, ಕತ್ತಿನವರೆಗೂ ಪೌಡರು, ಕೈಯಲ್ಲಿ ಮಳೆಗಾಲವಲ್ಲದಿದ್ದರೂ ಕೊಡೆ. ‘ನಮ್ಮ ಹೆತ್ತವರ ಹೊಸಿಲು ಇದೆಯೇನಪ್ಪ? ಮನೆಗೆ ಹೊಸದಾಗಿ ವಿಸಿಆರ್ ತಂದಿದೀವಿ’ ಎಂದಿದ್ದರು. ಕ್ಯಾಸೆಟ್ಟು ಓಬಳಪ್ಪನ ಬೆನ್ನ ಹಿಂದೆಯೇ ಇತ್ತು. ಅವನು ಬೆನ್ನನ್ನು ಇನ್ನಷ್ಟು ಅಗಲ ಮಾಡಿ ನಿಂತು, ‘ಅದು ಹೊರಗಡೆ ಹೋಗಿದೆ ಸಾರ್’ ಎಂದ. ಆ ಮುಖ ಅರಳಿದ್ದನ್ನು ನೋಡಬೇಕಾಗಿತ್ತು. ‘ಹೌದೇ! ಹೋಗಲಿ ಬಿಡಿ, ಜನ ನೋಡಲಿ.’ ಎರಡನೇ ಸಲ ಬಂದಾಗಲೂ ಅದೇ ಮಾತು, ಅದೇ ಅರಳು. ಮೂರನೇ ಸಲ ಒಬ್ಬ ಸ್ನೇಹಿತರನ್ನು ಜೊತೆಗೆ ಕರೆದುಕೊಂಡು ಬಂದರು. ಕ್ಯಾಸೆಟ್ಟು ಸಿಗಲಿ ಎಂದಲ್ಲ, ಸಿಗುವುದಿಲ್ಲ ಎಂದು ಅವರೂ ಕೇಳಲಿ ಎಂದು. ಓಬಳಪ್ಪ ಕೇಳಿಸಿದ. ಆಮೇಲೆ ಅವರು ಬರಲಿಲ್ಲ, ಬೇಕಾದದ್ದು ಸಿಕ್ಕಿಬಿಟ್ಟಿತ್ತು. ಸುಳ್ಳು ಹೇಳಿ ಒಬ್ಬರಿಗೆ ಅಷ್ಟು ಸಂತೋಷ ಕೊಟ್ಟಿದ್ದು ಅವನ ಜೀವನದಲ್ಲಿ ಅದೊಂದೇ ಸಲ. ಅದನ್ನು ಪುಣ್ಯದ ಕಡೆಗೆ ಬರೆದುಕೊಳ್ಳಬೇಕೋ ಬೇಡವೋ ಎಂದು ಅವನು ಯಾವತ್ತೂ ಇತ್ಯರ್ಥ ಮಾಡಿಕೊಂಡಿರಲಿಲ್ಲ.

ಆಟೋದಲ್ಲಿ ವಿಸಿಆರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ ಅದರ ತೂಕ ಹಳೆಯ ಪರಿಚಯದವನ ಕೈಯಂತೆ ಮೊಣಕಾಲಿನ ಮೇಲೆ ಒತ್ತುತ್ತಿತ್ತು. ಹಿಂದಿನ ದಿನವೇ ಅದರ ಟೇಪು ಓದುವ ಹೆಡ್ಡನ್ನು ಸ್ಪಿರಿಟ್ಟು ಹಚ್ಚಿದ ಬಿಳಿ ಕಾಗದದಿಂದ ಒರೆಸಿದ್ದ. ಕ್ಯಾಸೆಟ್ಟಿನ ಬೂಸಲನ್ನು ಪಂಚೆಯ ತುದಿಯಿಂದ ತೆಗೆದಿದ್ದ. ಇಷ್ಟೆಲ್ಲ ಚೊಕ್ಕ ಮಾಡುತ್ತಿದ್ದದ್ದು ಏನನ್ನು ತೋರಿಸಲಿಕ್ಕೆ ಎಂದು ನೆನೆದಾಗ ಕೈಗೆ ನಾಚಿಕೆಯಾಗಿತ್ತು. ತಿರುವಿನಲ್ಲಿ ಬಿದಿರಿನ ಗಳುಗಳಿಗೆ ಕಟ್ಟಿದ್ದ ಫ್ಲೆಕ್ಸು ಕಾಣಿಸಿತು. ಮೇಲೆ ಆನೆಯಷ್ಟು ಗೌರೀಶ, ನಡುವೆ ಕುದುರೆಯಷ್ಟು ವೆಂಕಟಾಚಲ, ಕೆಳಗೆ ಮೂಲೆಯಲ್ಲಿ ರೇಷನ್ ಕಾರ್ಡಿನ ಫೋಟೋದಿಂದ ದೊಡ್ಡದು ಮಾಡಿದ ಓಬಳಪ್ಪ, ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ದಾರಿಹೋಕರನ್ನು ನೋಡುತ್ತಿದ್ದ. ಆಟೋದವನು ಫ್ಲೆಕ್ಸನ್ನೂ ಹಿಂದಿನ ಸೀಟನ್ನೂ ಕನ್ನಡಿಯಲ್ಲಿ ಒಂದು ಸಲ ಹೋಲಿಸಿ ನೋಡಿ, ‘ನೀವೇನಾ ಯಜಮಾನ್ರೆ?’ ಎಂದ. ‘ಅಲ್ಲಪ್ಪ, ನಮ್ಮಣ್ಣ’ ಎಂದುಬಿಟ್ಟ ಓಬಳಪ್ಪ. ಇಲ್ಲದ ಅಣ್ಣನೊಬ್ಬನ ಮೇಲೆ ಬಿರುದನ್ನು ಹಾಕಿದ ಮೇಲೆ ಒಂದು ಅರ್ಧ ಫರ್ಲಾಂಗು ಮೈ ಹಗುರವಾಗಿತ್ತು.

ಶಂಕರಪುರದ ವೆಂಕಟಾಚಲರ ಮನೆಯ ಮುಂದಿನ ಜಗಲಿ ಈಗ ಕಾರು ನಿಲ್ಲಿಸುವ ಜಾಗವಾಗಿತ್ತು. ಬಾಗಿಲು ತೆಗೆದವರು ಚೂಡಾಮಣಿ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ‘ಬನ್ನಿ ಓಬಳಪ್ಪನವರೇ, ಚಪ್ಪಲಿ ಅಲ್ಲೇ ಇರ್ಲಿ’ ಎಂದರು. ಇಂಥ ಮನೆಗಳ ಹೊಸಿಲು ದಾಟಿದ ಕೂಡಲೇ ಓಬಳಪ್ಪನ ನಾಲಿಗೆ ತಾನಾಗಿ ‘ಐತೆ’ಯನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ‘ಇದೆ’ ಹಾಕಿಕೊಳ್ಳುತ್ತಿತ್ತು. ಇದನ್ನು ಸುಬ್ಬಮ್ಮ ಎಷ್ಟೋ ಸಲ ಆಡಿಕೊಂಡಿದ್ದಳು. ಗೌರೀಶ ಆಗಲೇ ಬಂದು ಗೋಡೆಯ ಟಿವಿಯ ಹಿಂದೆ ತಲೆ ತೂರಿಸಿ ವೈರು ಚುಚ್ಚುವ ತೂತು ಹುಡುಕುತ್ತಿದ್ದ. ಬೆತ್ತದ ಕುರ್ಚಿಯಲ್ಲಿ ವೆಂಕಟಾಚಲ ಕೂತಿದ್ದರು. ಮೈ ಒಣಗಿ ಕುರ್ಚಿಯ ಬೆತ್ತಕ್ಕೂ ಅವರಿಗೂ ಹೆಚ್ಚು ವ್ಯತ್ಯಾಸ ಉಳಿದಿರಲಿಲ್ಲ. ಆದರೆ ಷರಟಿಗೆ ಇಸ್ತ್ರಿಯಾಗಿತ್ತು, ಮುಖಕ್ಕೆ ಪೌಡರು ಬಿದ್ದಿತ್ತು. ಅವರು ಸಿನಿಮಾ ನೋಡಲು ಕೂತಿದ್ದರೋ, ಷೂಟಿಂಗಿಗೆ ಕರೆ ಬರಲೆಂದು ಕಾಯುತ್ತಿದ್ದರೋ, ಹೇಳುವುದು ಕಷ್ಟ.

‘ಓಬಳಪ್ಪ ಅಲ್ಲವೇ? ನಮ್ಮ ಪಿಚ್ಚರು ನಿಮ್ಮಲ್ಲಿ ಯಾವಾಗಲೂ ಹೊರಗೇ ಇರೋದು’ ಎಂದರು, ಕಣ್ಣು ಮಿನುಗಿಸಿ. ‘ಚೂಡಾ, ನಾನು ಹೇಳಿರಲಿಲ್ಲವೇ? ಮೂರು ಸಲ ಹೋದರೂ ಸಿಗಲಿಲ್ಲ ಅಂತ.’

‘ಹೇಳಿದೀರಿ ಮಾವ, ಬೆಳಿಗ್ಗೆಯಿಂದ ನಾಲ್ಕು ಸಲ.’

‘ಆ ಸೀನು ನೋಡು ಇವತ್ತು. ದರ್ಜಿಯ ಪಾತ್ರ ನಂದು. ಮಗಳ ಮದುವೆ ಮುರಿದು ಬಿದ್ದಿದೆ. ಒಳಗೆ ಬಂದು ಕೂತು ಅವಳ ರವಿಕೆ ಹೊಲಿಯೋಕೆ ಸೂಜಿ ತಗೋತೀನಿ. ಒಂದೂ ಮಾತಿಲ್ಲ. ದಾರ ಹೋಗೋದಿಲ್ಲ, ಹೋಗೋದಿಲ್ಲ. ಬೆರಳಿಗೆ ಸೂಜಿ ಚುಚ್ಚಿ ರಕ್ತ. ಕಣ್ಣಲ್ಲಿ ಧಾರಾಕಾರ. ನಾಲ್ಕು ನಿಮಿಷ! ಲೈಟು ಹಿಡಿದಿದ್ದವನು ಲೈಟು ಬಿಟ್ಟು ಕಣ್ಣು ಒರೆಸಿಕೊಂಡ.’

ಚೂಡಾಮಣಿ ಓಬಳಪ್ಪನ ಕಡೆ ನೋಡಿ, ನೋಡಿದಿರಲ್ಲ ಎಂಬಂತೆ ಕಣ್ಣು ಮಾಡಿ, ತಗ್ಗಿದ ದನಿಯಲ್ಲಿ ಹೇಳಿದರು. ಹೋದ ಸಲ ರಕ್ತ ಇರಲಿಲ್ಲವಂತೆ, ಅದರ ಹಿಂದಿನ ಸಲ ನಾಲ್ಕು ನಿಮಿಷ ಎರಡಾಗಿತ್ತಂತೆ, ಇದನ್ನೆಲ್ಲ ಒಂದು ಪುಸ್ತಕದಲ್ಲಿ ತಾರೀಕು ಹಾಕಿ ಬರೆದು ಡಾಕ್ಟರಿಗೆ ತೋರಿಸಿದ್ದಾರಂತೆ. ಅವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಲೆಕ್ಕ ತಪ್ಪುವ ಹುಡುಗನ ಬಗ್ಗೆ ಮೇಷ್ಟ್ರಿಗೆ ಇರುವಂಥ ಪ್ರೀತಿಯೇ ಇತ್ತು. ಓಬಳಪ್ಪನಿಗೆ ಆಗಲೇ ಹೇಳಿಬಿಡಬೇಕೆನಿಸಿ ಬಾಯಿ ತೆರೆದ. ಅಷ್ಟರಲ್ಲಿ ಗೌರೀಶ ‘ಬಂತು ಬಂತು, ಹಾಕಿ ಸಾರ್’ ಎಂದು ಕೂಗಿದ. ತೆರೆದ ಬಾಯಿಗೆ ಚೂಡಾಮಣಿ ಕಾಫಿ ಲೋಟ ಕೊಟ್ಟರು.

ಹಾಕಿದರೆ ಮೊದಲು ಬಂದದ್ದು ಬೇರೆ ಸಿನಿಮಾ. ಯಾರೋ ಐದು ಜನ ಒಬ್ಬನ ಮೇಲೆ ಬಿದ್ದಿದ್ದರು. ‘ಇದ್ಯಾವ್ದು ಸಾರ್?’ ಎಂದ ಗೌರೀಶ. ‘ಇದು ಮೊದಲನೇದು. ನಮ್ಮದು ಎರಡನೇದು’ ಎಂದು ಓಬಳಪ್ಪ ಮುಂದಕ್ಕೆ ಓಡಿಸಿದ. ಒಂದೇ ಕ್ಯಾಸೆಟ್ಟಿನಲ್ಲಿ ಎರಡು ಹೇಗೆ ಹಿಡಿಯಿತು ಎಂದು ಯಾರೂ ಕೇಳಲಿಲ್ಲ. ಗೆರೆಗಳು ಎದ್ದ ಪರದೆಯ ಮೇಲೆ ಕೊನೆಗೂ ಹೆತ್ತವರ ಹೊಸಿಲು ಎಂಬ ಅಕ್ಷರ ಬಂದಾಗ ವೆಂಕಟಾಚಲ ಕುರ್ಚಿಯ ತುದಿಗೆ ಸರಿದರು. ಅಪ್ಪ ಬಂದ. ಮೀಸೆಯೂ ಕೊರಳಲ್ಲಿ ಅಳತೆಯ ಟೇಪೂ. ಒಂದು ಹಾಡು. ಇನ್ನೊಂದು ಹಾಡು, ಗೌರೀಶ ತೊಡೆಯ ಮೇಲೆ ತಾಳ ಹಾಕಿದ. ಅಪ್ಪ ಏಟು ತಿಂದ. ಮುಂದೆ ಏನು ಬರುತ್ತದೆಂದು ಓಬಳಪ್ಪನಿಗೆ ಉಸಿರಿನ ಲೆಕ್ಕದಲ್ಲಿ ಗೊತ್ತಿತ್ತು. ಅಪ್ಪ ಬೀಗರ ಮನೆಯಿಂದ ಬಂದು ತನ್ನ ಮನೆಯ ಬಾಗಿಲು ತಳ್ಳಿದ, ಒಳಗೆ ಒಂದು ಹೆಜ್ಜೆ ಇಟ್ಟ. ಪರದೆ ಒಂದು ಚಿಟಿಕೆಯಷ್ಟು ಹೊತ್ತು ನಡುಗಿತು. ಗೋಡೆಯ ಮೇಲೆ ಅಪ್ಪನ ಫೋಟೋ, ಅದಕ್ಕೆ ಹಾರ, ಕೆಳಗೆ ಮಗ ಮುಷ್ಟಿ ಬಿಗಿದು ಸೇಡಿನ ಮಾತಾಡುತ್ತಿದ್ದ.

‘ಸತ್ತೋದ್ರಾ?’ ಎಂದ ಗೌರೀಶ. ‘ಯಾವಾಗ?’

ಚೂಡಾಮಣಿ ಮಾವನ ಕುರ್ಚಿಯ ಪಕ್ಕಕ್ಕೆ ಬಂದು ನಿಂತರು. ‘ನೋಡಿದ್ರಾ ಮಾವ? ಬಾಗಿಲು ತೆಗೆದ್ರಿ, ಆಮೇಲೆ ಫೋಟೋ. ನಡುವೆ ಏನೂ ಇಲ್ಲ. ಇರ್ಲಿ ಬಿಡಿ, ನೂರಾ ಎಪ್ಪತ್ತು ಪಿಚ್ಚರು ಮಾಡಿದೀರಿ, ಒಂದರಲ್ಲಿ ಮಾಡಿದ್ದು ಇನ್ನೊಂದರಲ್ಲಿ ಅನ್ಸುತ್ತೆ.’ ವೆಂಕಟಾಚಲ ಪರದೆಯನ್ನೇ ನೋಡುತ್ತಿದ್ದರು. ಅಲ್ಲಿ ಮಗ ನಾಲ್ಕು ಜನರನ್ನು ಹೊಡೆದು ಮುಗಿಸಿದ್ದ. ಓಬಳಪ್ಪ ಸುಮ್ಮನಿದ್ದ. ಸುಮ್ಮನಿರುವುದು ಎಷ್ಟು ಸುಲಭ ಎಂದು ಅವನಿಗೆ ಆಶ್ಚರ್ಯವಾಯಿತು. ಇನ್ನು ಹತ್ತು ನಿಮಿಷ ಸುಮ್ಮನಿದ್ದರೆ ಸಾಕು; ವೈರು ಸುತ್ತಿಕೊಂಡು ಮನೆಗೆ ಹೋಗಬಹುದು, ಅಷ್ಟರಲ್ಲಿ ಹಿದುಕಿದ ಅವರೆಯ ಸಾರು ಆಗಿರುತ್ತದೆ, ಭಾನುವಾರ ಪೇಟ. ಈ ಮುದುಕರ ಪಾಲಿಗೆ ಶಾಲು ಇದ್ದೇ ಇದೆ. ಮೈಕು ಸಿಕ್ಕಿದ್ದರೆ ಇವರು ರಕ್ತ, ಧಾರಾಕಾರ ಎಂದು ಸುಳ್ಳನ್ನೇ ಹೇಳುತ್ತಿದ್ದರಲ್ಲವೇ? ಆಗ ಅದನ್ನು ಕತ್ತರಿಸಿದ್ದೂ ಒಂದು ಲೆಕ್ಕಕ್ಕೆ ಸರಿಯೇ.

‘ಇರಲಿಲ್ಲವೇನೋ’ ಎಂದರು ವೆಂಕಟಾಚಲ. ನೂರಾ ಎಪ್ಪತ್ತು ಸಿನಿಮಾದಲ್ಲಿ ಎಲ್ಲೂ ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ಓಬಳಪ್ಪ ಕೇಳಿರಲಿಲ್ಲ. ‘ಹಾಗಾದರೆ ನಾನೇ ಕಟ್ಟಿಕೊಂಡೆನೇನೋ.’

‘ಇತ್ತು’ ಎಂದ ಓಬಳಪ್ಪ.

ಎಲ್ಲರೂ ತಿರುಗಿದರು. ಅವನು ಲೋಟ ಕೆಳಗಿಟ್ಟ. ‘ಆ ಸೀನು ಐತೆ ಮೇಡಂ. ಇತ್ತು. ನಾನೇ ತೆಗ್ದಾಕಿದ್ದು. ಎರಡು ಪಿಚ್ಚರು ಒಂದರಲ್ಲಿ ಹಿಡೀಬೇಕಾಗಿತ್ತಲ್ಲ, ಅದಕ್ಕೆ. ಸಾರ್ ಅಂಗಡಿಗೆ ಬಂದಾಗ ಹೊರಗಡೆ ಹೋಗಿದೆ ಅಂದಿದ್ದೂ ಸುಳ್ಳು. ನನ್ನ ಬೆನ್ನಿಂದೇನೇ ಇತ್ತು.’

ಇಷ್ಟು ವರ್ಷ ಹೊಟ್ಟೆಯಲ್ಲಿದ್ದದ್ದು ನಾಲ್ಕು ಮಾತಿನಲ್ಲಿ ಮುಗಿದುಹೋಯಿತು. ಏನಾದರೂ ಆಗಬೇಕಾಗಿತ್ತು. ಆದದ್ದು ಗೌರೀಶನ ನಗು. ‘ಸಂರಕ್ಷಕರೇ ಕತ್ತರಿ ಆಡಿಸಿದ್ರಾ! ಸೂಪರ್ ಸಾರ್. ಭಾನುವಾರ ಇದನ್ನೇ ಸ್ಟೇಜ್ ಮೇಲೆ ಹೇಳಿ, ಜನ ಬಿದ್ದು ಬಿದ್ದು ನಗ್ತಾರೆ.’

‘ಆ ಬಿರುದು ತೆಗೆಸಿಬಿಡಪ್ಪ.’

‘ಪ್ರಿಂಟ್ ಆಗೋಗಿದೆಯಲ್ಲ ಸಾರ್. ಇರ್ಲಿ ಬಿಡಿ, ಅದನ್ನ ಯಾರು ಓದ್ತಾರೆ.’

ಚೂಡಾಮಣಿ ನಗಲಿಲ್ಲ. ಅವರ ಕಣ್ಣಲ್ಲಿ ಬಂದದ್ದು ಕರುಣೆ, ಅದೂ ಓಬಳಪ್ಪನ ಮೇಲೆ. ‘ದೊಡ್ಡ ಮನಸ್ಸು ನಿಮ್ಮದು. ಆದರೆ ಅವರಿಗೆ ಬೇಜಾರಾಗ್ಬಾರ್ದು ಅಂತ ಹೀಗೆ ಹೌದು ಹೌದು ಅನ್ಬಾರ್ದು ಓಬಳಪ್ಪನವರೇ. ಡಾಕ್ಟ್ರೇ ಹೇಳಿದಾರೆ.’ ತಪ್ಪು ಒಪ್ಪಿಕೊಂಡರೂ ನಂಬದವರ ಮುಂದೆ ಮನುಷ್ಯ ಏನು ಮಾಡಬೇಕು? ‘ಆಣೆಗೂ ಮೇಡಂ’ ಎಂದ. ‘ಆಣೆ ಎಲ್ಲ ಯಾಕೆ? ಆ ಸೀನಲ್ಲಿ ಏನಿತ್ತು ಅಂತ ನೀವೇ ಹೇಳಿ ನೋಡೋಣ’ ಎಂದು ಅವರು ಕೈ ಕಟ್ಟಿ ನಿಂತರು. ಬೋರ್ಡಿನ ಮುಂದೆ ನಿಲ್ಲಿಸಿ ಕೇಳುವ ಹಾಗೆ.

ಉತ್ತರ ಸುಲಭವಿತ್ತು. ರಕ್ತ ಎನ್ನಬೇಕು, ಧಾರಾಕಾರ ಎನ್ನಬೇಕು, ನಾಲ್ಕು ನಿಮಿಷ ಎನ್ನಬೇಕು. ಇಬ್ಬರ ಮಾತೂ ಕೂಡಿಬಂದರೆ ಮೇಡಂ ನಂಬುತ್ತಾರೆ, ಮುದುಕರಿಗೆ ಮೈಕು ಸಿಗುತ್ತದೆ. ನಾಲಿಗೆಯ ತುದಿಗೆ ಅದೇ ಬಂತು, ಹೊರಗಡೆ ಹೋಗಿದೆ ಸಾರ್ ಎಂಬುದು ಬಂದಷ್ಟೇ ಸಲೀಸಾಗಿ. ಆದರೆ ಅದರ ಹಿಂದೆಯೇ ಆ ಮಧ್ಯಾಹ್ನವೂ ಬಂದುಬಿಟ್ಟಿತು. ಅರ್ಧ ಇಳಿಸಿದ ಷಟರಿನ ಕೆಳಗೆ ಬಿದ್ದಿದ್ದ ಬಿಸಿಲಿನ ಪಟ್ಟಿ, ಪಕ್ಕದಲ್ಲಿ ಊಟದ ಕ್ಯಾರಿಯರ್ ತಂದು ಕೂತಿದ್ದ ಸುಬ್ಬಮ್ಮ. ಎಲ್ಲಿ ಒತ್ತಿದರೆ ಹೊಲಿಗೆ ಕಾಣುವುದಿಲ್ಲ ಎಂದು ಆ ಒಂದು ನಿಮಿಷವನ್ನು ಅವನು ಹಿಂದಕ್ಕೆ ಮುಂದಕ್ಕೆ ಒಂಬತ್ತು ಸಲ ಓಡಿಸಿದ್ದ. ತೆಗೆದು ಹಾಕುವವನು ನೋಡಿದಷ್ಟು ಯಾರೂ ನೋಡುವುದಿಲ್ಲ. ಪ್ರಪಂಚದಲ್ಲಿ ಆ ಸೀನಿಗೆ ಅವನಷ್ಟು ದೊಡ್ಡ ಅಭಿಮಾನಿ ಇರಲಿಲ್ಲ ಎನ್ನಬೇಕು.

‘ಅಳೋದು ಇರ್ಲಿಲ್ಲ’ ಎಂದ ಓಬಳಪ್ಪ. ‘ರಕ್ತಾನೂ ಇರ್ಲಿಲ್ಲ. ನಾಲ್ಕು ನಿಮಿಷ ಅಲ್ಲ. ಒಂದು ನಿಮಿಷ, ಮೇಲೆ ಹತ್ತು ಸೆಕೆಂಡು.’

‘ನೋಡಿದ್ರಾ’ ಎಂದರು ಚೂಡಾಮಣಿ.

‘ಒಂದು ನಿಮಿಷವೇ?’ ಎಂದರು ವೆಂಕಟಾಚಲ. ಕತ್ತರಿಸಿದ್ದಕ್ಕೆ ಬಾರದ ನೋವು ಈಗ ಅವರ ಮುಖಕ್ಕೆ ಬಂದಿತ್ತು. ‘ಅಷ್ಟೇನಾ?’

‘ಅಷ್ಟೇ ಸಾರ್. ಮೂರು ಸಲ ದಾರ ತಪ್ಪುತ್ತೆ. ನಾಲ್ಕನೇ ಸಲ ಹೋಗುತ್ತೆ. ನೀವು ನಗೋದೂ ಇಲ್ಲ, ಅಳೋದೂ ಇಲ್ಲ. ಹೋಯ್ತಲ್ಲ ಅಂತ ಸುಮ್ನೆ ನೋಡ್ತೀರಿ. ಆಮೇಲೆ ಹೋದ ದಾರಾನ ಮೆಲ್ಲಗೆ ಈಚೆಗೆ ಎಳ್ಕೊಂಡ್ಬಿಡ್ತೀರಿ. ಎಳ್ಕೊಂಡು, ಸೂಜೀನ ಷರಟಿಗೆ ಚುಚ್ಚಿಕೋತೀರಿ. ಅಲ್ಲಿಗೆ ಮುಗೀತು.’

ಟಿವಿಯಲ್ಲಿ ಯಾರೋ ಹಾಡುತ್ತಿದ್ದರು. ಗೌರೀಶ ಸದ್ದು ಕಮ್ಮಿ ಮಾಡಿದ. ವೆಂಕಟಾಚಲ ತಮ್ಮ ಬಲಗೈಯನ್ನು ನೋಡಿಕೊಳ್ಳುತ್ತಿದ್ದರು. ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ತಾಗಿ, ಕಾಣದ ಏನನ್ನೋ ಹಿಡಿದು, ಎದೆಯ ಕಡೆಗೆ ಒಂದು ಗೇಣು ಬಂದವು. ‘ಹೌದು’ ಎಂದರು. ‘ಎಳೆದೆ. ಈಚೆಗೆ ಎಳೆದೆ. ಡೈರೆಕ್ಟರು ಅಳಿ ಅಂದಿದ್ದರು. ನಾನು ಮರೆತು ದಾರ ಎಳೆದುಬಿಟ್ಟೆ. ಬೈದರು.’

ಚೂಡಾಮಣಿ ಕಟ್ಟಿದ್ದ ಕೈ ಬಿಟ್ಟರು. ‘ಅತ್ತೆ ಅಂತಿದ್ರು’ ಎಂದರು, ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದವರ ಹಾಗೆ. ‘ನೀವು ಏನಾದ್ರೂ ಕೊಡ್ತೀನಿ ಅಂತ ಹೇಳಿ ಆಮೇಲೆ ಬೇಡ ಅಂದಾಗೆಲ್ಲ, ಶುರುವಾಯ್ತು ನಿಮ್ಮ ಪೋಣಿಸೋದು ಎಳಿಯೋದು ಅಂತಿದ್ರು. ನಾನು ಈ ಮನೆಗೆ ಬಂದಾಗಿಂದ ಕೇಳಿದೀನಿ. ಯಾಕೆ ಹಾಗಂತಾರೆ ಅಂತ ಗೊತ್ತಿರ್ಲಿಲ್ಲ. ಅತ್ತೆ ಥಿಯೇಟರಲ್ಲಿ ನೋಡಿದ್ರಾ ಇದನ್ನ?’

‘ಎರಡು ಸಲ’ ಎಂದರು ವೆಂಕಟಾಚಲ.

‘ಹಂಗಾದ್ರೆ ಮೈಕು ಕೊಡಬಹುದಾ ಮೇಡಂ?’ ಎಂದ ಗೌರೀಶ, ಡೈರಿ ತೆಗೆದು. ಚೂಡಾಮಣಿ ಅವನ ಕಡೆ ನೋಡದೆ ‘ಕೊಡಿ’ ಎಂದು, ಸೋಫಾದ ತುದಿಯಲ್ಲಿ ಕೂತುಬಿಟ್ಟರು. ತಾರೀಕು ಹಾಕಿ ಬರೆದ ಪುಸ್ತಕ ಟಿವಿಯ ಕೆಳಗಿನ ಕಪಾಟಿನಲ್ಲಿತ್ತು. ಅವರ ಕಣ್ಣು ಒಂದು ಸಲ ಅಲ್ಲಿಗೆ ಹೋಗಿ ಬಂತು.

ಮುದುಕರಿಗೆ ಮೈಕಿನ ಮಾತು ಕೇಳಿಸಿದಂತೆ ಕಾಣಲಿಲ್ಲ. ‘ಓಬಳಪ್ಪ, ಹಿಂದಕ್ಕೆ ಬಿಡಿ’ ಎಂದರು. ‘ಬಾಗಿಲು ತಳ್ಳಿ ಒಳಗೆ ಬರ್ತೀನಲ್ಲ, ಅಲ್ಲಿ ನಿಲ್ಲಿಸಿ.’

ಓಬಳಪ್ಪ ನೆಲದ ಮೇಲೆ ಮಿಷನ್ನಿನ ಮುಂದೆ ಕೂತು ಹಿಂದಕ್ಕೆ ಓಡಿಸಿದ, ಮತ್ತೆ ಬಿಟ್ಟ. ಅಪ್ಪ ಬಾಗಿಲು ತಳ್ಳಿದ, ಹೆಜ್ಜೆ ಇಟ್ಟ. ಹೆಬ್ಬೆರಳು ಪಾಜ್ ಒತ್ತಿತು, ಆವತ್ತು ಒತ್ತಿದ ಜಾಗದಲ್ಲೇ, ಒಂದು ಕೂದಲೆಳೆ ಆಚೀಚೆ ಆಗದೆ. ಹೆಜ್ಜೆ ಎತ್ತಿದ ಅಪ್ಪ ಪರದೆಯ ಮೇಲೆ ನಡುಗುತ್ತ ನಿಂತ. ಅವನ ಸೊಂಟದ ಅಡ್ಡಕ್ಕೆ ಒಂದು ಬಿಳಿ ಗೆರೆ ಏಳುತ್ತ ಇಳಿಯುತ್ತ ಇತ್ತು. ವೆಂಕಟಾಚಲ ಕೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು ನೋಡುತ್ತಿದ್ದರು. ಆ ನಿಂತ ಚಿತ್ರವನ್ನಲ್ಲ. ಅದರ ಹಿಂದೆ ಏನೋ ನಡೆಯುತ್ತಿದೆ ಎಂಬಂತೆ ಅವರ ಕಣ್ಣಾಲಿ ಸಣ್ಣಗೆ ಓಡಾಡುತ್ತಿತ್ತು. ‘ಸ್ಟಕ್ ಆಯ್ತಾ?’ ಎಂದ ಗೌರೀಶ. ಚೂಡಾಮಣಿ ತುಟಿಯ ಮೇಲೆ ಬೆರಳಿಟ್ಟರು. ಓಬಳಪ್ಪನಿಗೆ ಅರ್ಥವಾಯಿತು. ಎಪ್ಪತ್ತು ಎಣಿಸಬೇಕು. ಎಣಿಸತೊಡಗಿದ. ಇಪ್ಪತ್ತಕ್ಕೆ ದಾರ ಮೊದಲ ಸಲ ತಪ್ಪಿರಬೇಕು, ಮೂವತ್ತಕ್ಕೆ ಇನ್ನೊಂದು ಸಲ. ಹೀಗೆ ನಿಲ್ಲಿಸಿದರೆ ಹೆಡ್ಡು ಒಂದೇ ಕಡೆ ಉಜ್ಜಿ ಟೇಪು ಸವೆಯುತ್ತದೆ ಎಂದು ಅಂಗಡಿಯ ದಿನಗಳ ಭಯವೊಂದು ಎಲ್ಲಿಂದಲೋ ಎದ್ದು ಬಂತು. ಹಳೇ ಟೇಪು, ತುಂಡಾದರೆ ಇದೂ ಇಲ್ಲ. ನಲವತ್ತೆಂಟು, ನಲವತ್ತೊಂಬತ್ತು. ಬಿಳಿ ಗೆರೆ ದಪ್ಪವಾಯಿತು. ಹೆಬ್ಬೆರಳು ತಾನಾಗಿ ಒತ್ತಿಬಿಟ್ಟಿತು. ಗೋಡೆಯ ಮೇಲೆ ಫೋಟೋ, ಹಾರ, ಮುಷ್ಟಿ ಬಿಗಿದ ಮಗ.

‘ಬೇಗ ಒತ್ತಿಬಿಟ್ಟಿರಿ ಓಬಳಪ್ಪ’ ಎಂದರು ವೆಂಕಟಾಚಲ, ಮೆಲ್ಲಗೆ. ‘ನಾನಿನ್ನೂ ದಾರ ಎಳೆದಿರಲಿಲ್ಲ.’

ಓಬಳಪ್ಪ ಟೇಪನ್ನು ಹಿಂದಕ್ಕೆ ಬಿಟ್ಟ. ಹಾರ ಹೋಯಿತು, ಫೋಟೋ ಹೋಯಿತು, ಅಪ್ಪ ಮತ್ತೆ ಬಾಗಿಲ ಬಳಿ ಬಂದು ಹೆಜ್ಜೆ ಎತ್ತಿದ. ಅಲ್ಲಿ ಗುಂಡಿ ಒತ್ತಿ, ಆ ಹೆಬ್ಬೆರಳನ್ನು ಎಡಗೈಯ ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡು ಕೂತ.